ಹನ್ನೆರಡನೆಯ ಪುಸ್ತಕದ ಬೆನ್ನು

ಗೋಂದಕ್ಕ ಕಟ್ಟಿದ ಪುಸ್ತಕ ಮತ್ತೆ ಬಿಚ್ಚಿಕೊಂಡು ವಾಪಸು ಬಂದದ್ದಿಲ್ಲ ಎಂಬ ಮಾತು ಆ ಲೈಬ್ರರಿಯ ಗೋಡೆ ಗಡಿಯಾರದಷ್ಟೇ ಹಳೆಯದು. ಗಡಿಯಾರವಾದರೂ ಆಗಾಗ ನಿಂತಿದ್ದುಂಟು, ಆ ಮಾತು ಮಾತ್ರ ನಿಂತಿರಲಿಲ್ಲ. ಬೈಂಡರ್ ಕೆಲಸದಿಂದ ನಿವೃತ್ತಳಾಗಿ ಹತ್ತು ವರ್ಷವಾದರೂ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಆಕೆ ಹಿಂಬಾಗಿಲಿನಿಂದ ಬಂದು, ಕೊನೆಯ ಕೋಣೆಯ ಕಿಟಕಿ ತೆರೆದು, ಅಂಟಿನ ಬಟ್ಟಲಿನ ಮೇಲೆ ಕಟ್ಟಿದ ಕೆನೆಯನ್ನು ಕಡ್ಡಿಯಿಂದ ತೆಗೆದು ಕೆಲಸಕ್ಕೆ ಕೂರುತ್ತಿದ್ದಳು. ಯಾರೂ ಬಾ ಎಂದಿರಲಿಲ್ಲ, ಬೇಡ ಎಂದೂ ಅಂದಿರಲಿಲ್ಲ. ಹೊಸದಾಗಿ ಬಂದ ಲೈಬ್ರೇರಿಯನ್ ಹುಡುಗಿ ಆಕೆಯ ಕುರ್ಚಿಗೆ ಒಂದು ದಿಂಬು ತಂದಿಟ್ಟು, ಅದರ ಬಗ್ಗೆ ತುಟಿ ಪಿಟಕ್ಕೆನ್ನದೆ ಹೋಗಿದ್ದಳು.

ಒಂದು ಮಂಗಳವಾರ ಆ ಹುಡುಗಿ ದೊಡ್ಡ ಅಳತೆಯ ಹಳೆಯ ಪುಸ್ತಕವೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು.

"ಗೋಂದಕ್ಕಾ, ಇದಕ್ಕೆ ಸ್ವಲ್ಪ ಜೀವ ತುಂಬಿ. ಭಾನುವಾರ ಡ್ರಾಯಿಂಗ್ ಮೇಷ್ಟ್ರು ಮಾತಾಡೋಕೆ ಬರ್ತಿದಾರೆ. ಇದನ್ನ ಕೈಯಲ್ಲಿ ಹಿಡ್ಕೊಂಡೇ ಮಾತಾಡ್ತೀನಿ ಅಂತ ಹಟ."

"ಅವರ ಕಣ್ಣು ಹೇಗಿದೆ ಈಗ?"

"ನಡುವೆ ಮಸಿ ಬಳಿದ ಹಾಗಂತೆ. ಪಕ್ಕದ್ದು ಕಾಣುತ್ತೆ, ನೆಟ್ಟಗೆ ನೋಡಿದ್ದು ಕಾಣಲ್ಲ. ನಾನು ಬದಿಗೆ ನಿಂತಿದ್ರೆ 'ಏನಮ್ಮಾ, ಕೂದಲು ಕತ್ತರಿಸಿಕೊಂಡ್ಯಾ' ಅಂದ್ರು. ಎದುರಿಗೆ ಬಂದೆ, 'ಅಯ್ಯೋ ಎಲ್ಲಿ ಹೋದೆ' ಅಂದ್ರು."

ಗೋಂದಕ್ಕ ನಕ್ಕು ಪುಸ್ತಕ ತೆಗೆದುಕೊಂಡಳು. ನೋಡಿದ ಕೂಡಲೇ ಗುರುತು ಹತ್ತಿತು. 'ದೋಣಿಯವಳು', ಹನ್ನೆರಡನೆಯ ಪುಸ್ತಕ. ರಟ್ಟಿಗೆ ಸುತ್ತಿದ ನೀಲಿ ಬಟ್ಟೆ ಆಕೆಯೇ ಆರಿಸಿದ್ದು, ನದಿಯ ಕಥೆ ಎಂದು.

ಮೂವತ್ತು ವರ್ಷದ ಹಿಂದೆ ಯಾರೋ ಊರು ಬಿಡುವಾಗ ದಾನ ಕೊಟ್ಟ ಪೆಟ್ಟಿಗೆಯಲ್ಲಿ ಆ ಜಪಾನೀ ಚಿತ್ರಕಥೆಯ ಅನುವಾದ, ಒಟ್ಟು ಹನ್ನೆರಡು ಪುಸ್ತಕ, ಬಂದಿತ್ತು. ಇದನ್ನು ಮಾಂಗಾ ಅನ್ನುತ್ತಾರೆ ಎಂದು ಮೇಷ್ಟ್ರು ಹೇಳಿದರೆ, ಆಗಿನ ಗುಮಾಸ್ತರು ಅದನ್ನು ಶ್ರದ್ಧೆಯಿಂದ ಪ್ರಾಣಿಗಳ ಕಪಾಟಿನಲ್ಲಿಟ್ಟಿದ್ದರು. ಅಲ್ಲಿಂದ ಬಿಡಿಸಿ ತಂದು ಪ್ರತಿ ಗುರುವಾರ ಸಂಜೆ ದೊಡ್ಡ ಮೇಜಿನ ಸುತ್ತ ನಾಲ್ಕು ಜನ ಓದತೊಡಗಿದರು: ಡ್ರಾಯಿಂಗ್ ಮೇಷ್ಟ್ರು, ಎದುರು ಬೀದಿಯ ಟೈಲರಮ್ಮ, ಈಗ ಇಲ್ಲವಾಗಿರುವ ಪೋಸ್ಟ್‌ಮ್ಯಾನ್ ಅಣ್ಣ, ಮತ್ತು ಗೋಂದಕ್ಕ.

ಕಥೆ ಸರಳ. ತಾಯಿ ನದಿಯಲ್ಲಿ ದೋಣಿ ನಡೆಸುತ್ತಾಳೆ. ಮಗಳು ಓದಿ ನಕ್ಷೆ ಬರೆಯುವವಳಾಗಿ ಬರುತ್ತಾಳೆ. ಅವಳು ಬರೆಯುವ ನಕ್ಷೆ ಅದೇ ನದಿಯ ಸೇತುವೆಯದು. ಸೇತುವೆ ಬಂದರೆ ದೋಣಿಗೆ ಏನು ಕೆಲಸ? ಒಂಬತ್ತನೆಯ ಪುಸ್ತಕದಲ್ಲಿ ತಾಯಿ ಮಗಳಿಗೆ ಮಾತು ನಿಲ್ಲುತ್ತದೆ.

"ಓದಬೇಡಿ, ನೋಡಿ," ಎನ್ನುತ್ತಿದ್ದರು ಮೇಷ್ಟ್ರು. ಆ ಚಿತ್ರಗಾರ್ತಿ ಮಳೆಯನ್ನು ಸ್ಕೇಲ್ ಇಟ್ಟು ಎಳೆದಿದ್ದಳು, ನದಿಯನ್ನು ಮಾತ್ರ ಎಲ್ಲೂ ಸ್ಕೇಲ್ ಮುಟ್ಟಿಸದೆ ಬರೆದಿದ್ದಳು. ತಾಯಿಗೆ ಸಿಟ್ಟು ಬಂದಾಗ ಮುಖ ಬರೆಯದೆ ಕೈ ಬರೆಯುತ್ತಿದ್ದಳು, ದೋಣಿಯ ಹುಟ್ಟಿನ ಮೇಲೆ ಬಿಗಿದ ಬೆರಳುಗಳನ್ನು. ಮಳೆ, ಗಾಳಿಯಂಥ ಸದ್ದುಗಳನ್ನು ಅನುವಾದಿಸದೆ ಜಪಾನೀ ಅಕ್ಷರದಲ್ಲೇ ಚಿತ್ರದೊಳಗೆ ಬಿಟ್ಟಿದ್ದರು. ಅವು ಬಂದಾಗಲೆಲ್ಲ ಪೋಸ್ಟ್‌ಮ್ಯಾನ್ ಅಣ್ಣ ಅಕ್ಷರದ ಆಕಾರ ನೋಡಿಯೇ ಬಾಯಲ್ಲಿ ಸದ್ದು ಮಾಡುತ್ತಿದ್ದ. ದಪ್ಪ ಅಕ್ಷರಕ್ಕೆ 'ಧಡಾರ್', ಉದ್ದದ್ದಕ್ಕೆ 'ಸುಯ್ಯ್'. ಒಮ್ಮೆ ಎರಡು ಪುಟ ಪೂರ್ತಿ ಬಿಳಿ, ಮೂಲೆಯಲ್ಲಿ ಒಂದೇ ಒಂದು ಸಣ್ಣ ಅಕ್ಷರ. ಅಣ್ಣ ಬಹಳ ಹೊತ್ತು ಯೋಚಿಸಿ ಉಸಿರು ಬಿಟ್ಟಿದ್ದ, ಅಷ್ಟೆ. ಆ ಉಸಿರು ಗೋಂದಕ್ಕನಿಗೆ ಈಗಲೂ ಕೇಳಿಸುತ್ತಿತ್ತು.

ಎಲ್ಲಕ್ಕಿಂತ ಹೆಸರಾದದ್ದು ಹನ್ನೆರಡನೆಯದರ ಕೊನೆಯ ಜೋಡಿ ಪುಟ. ತಾಯಿ ಮಗಳು ನಟ್ಟನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಎರಡೂ ಕಡೆ ನೀರು. ತಾಯಿ ಎಡಕ್ಕೆ ನೋಡುತ್ತಿದ್ದಾಳೆ, ಬಿಸಿಲಿಗೆ ಅಡ್ಡವಾಗಿ ಕೈ ಎತ್ತಿದ್ದಾಳೆ. ಮಗಳ ನೋಟ ಬಲಕ್ಕೆ. ಮಾತಿಲ್ಲ.

"ಜಗಳ ಅಂದ್ಕೊಂಡ್ರಾ?" ಎಂದು ಮೇಷ್ಟ್ರು ಕೇಳಿದ್ದರು. "ಬೆನ್ನು ಕೊಟ್ಟು ನಿಂತೋರು ಒಬ್ಬರಿಗೊಬ್ಬರು ಆಧಾರ. ಒಬ್ಬರು ಸರಿದರೆ ಇನ್ನೊಬ್ಬರು ಬೀಳ್ತಾರೆ." ಇನ್ನೊಂದು ಮಾತೂ ಹೇಳಿದ್ದರು. ಜಪಾನೀ ಪುಸ್ತಕ ಬಲದಿಂದ ಎಡಕ್ಕೆ ಓದುವಂಥದ್ದು. ಹನ್ನೊಂದು ಪುಸ್ತಕವೂ ಹಾಗೇ ಇವೆ. ಹನ್ನೆರಡನೆಯದು ಮಾತ್ರ ನಮ್ಮ ಪುಸ್ತಕದಂತೆ ಎಡದಿಂದ ತೆರೆಯುತ್ತದೆ. "ನೋಡಿ ಆ ಚಿತ್ರಗಾರ್ತಿಯ ಜಾಣತನ! ಕೊನೆಗೆ ನಮ್ಮನ್ನ ನಮ್ಮ ದಡಕ್ಕೇ ತಂದು ಬಿಟ್ಟಳು."

ಪೋಸ್ಟ್‌ಮ್ಯಾನ್ ಅಣ್ಣ ಕಣ್ಣೊರೆಸಿಕೊಂಡಿದ್ದ. ಗೋಂದಕ್ಕನ ಮನಸ್ಸಿನಲ್ಲಿ ಮಾತ್ರ ಆಗ ಒಂದು ಇರುವೆ ಹರಿದಾಡಿತ್ತು. ಪೆಟ್ಟಿಗೆ ಬಂದ ದಿನ ಆ ಒಂದು ಪುಸ್ತಕ ಹೊದಿಕೆ ಕಳೆದುಕೊಂಡು, ಅಂಟು ಒಣಗಿ, ಬಿಡಿ ಹಾಳೆಗಳಾಗಿ ಪೇಪರಿನಲ್ಲಿ ಸುತ್ತಿಕೊಂಡು ಬಂದಿತ್ತು. ಉಳಿದ ಹನ್ನೊಂದನ್ನು ನೋಡುವ ಮೊದಲೇ ಆಕೆ ಪುಟದ ಅಂಕಿ ನೋಡಿ ಹಾಳೆ ಜೋಡಿಸಿ, ಹುಟ್ಟಿದಾಗಿನಿಂದ ಕಂಡ ಹಾಗೆ ಎಡಗಡೆಗೆ ದಬ್ಬಳ ಚುಚ್ಚಿ ಹೊಲಿದಿದ್ದಳು. ಇರುವೆ ಅದನ್ನೇ ನೆನಪಿಸುತ್ತಿತ್ತು. ಆದರೆ ಮೇಷ್ಟ್ರು ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ, ಇರುವೆಯನ್ನು ಆಕೆ ಮೆಲ್ಲಗೆ ಆಚೆ ಬಿಟ್ಟಳು.

ಈಗ ಕೊನೆಯ ಪುಟದ ಮೂಲೆ ಹರಿದಿತ್ತು. ಅಲ್ಲಿ ಏನಿತ್ತೆಂದು ನೋಡಿ ತೇಪೆ ಹಾಕಲು, ಲೈಬ್ರರಿಗೆ ಹೊಸದಾಗಿ ತರಿಸಿದ್ದ ಅಂಗೈಯಗಲದ ಪ್ರತಿಯನ್ನು ಗೋಂದಕ್ಕ ಕೇಳಿ ತೆಗೆದುಕೊಂಡಳು. ಅದು ಬಲದಿಂದ ತೆರೆಯಿತು. ಕೊನೆಯ ಜೋಡಿ ಪುಟ ಬಿಚ್ಚಿದವಳ ಕೈ ಹಾಗೇ ನಿಂತಿತು.

ಬಲಗಡೆಯ ಕೊಟ್ಟಕೊನೆಯ ಅಂಚಿನಲ್ಲಿ ತಾಯಿ. ಎಡಗಡೆಯ ಕೊಟ್ಟಕೊನೆಯ ಅಂಚಿನಲ್ಲಿ ಮಗಳು. ನಡುವೆ ಎರಡು ಪುಟದ ತುಂಬ ಒಂದೇ ನದಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ತಾಯಿಯ ಕೈ ಬಿಸಿಲಿಗೆ ಅಡ್ಡ ಹಿಡಿದದ್ದಲ್ಲ, ಮಗಳನ್ನು ಕಂಡು ಎತ್ತಿದ್ದು.

ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದಳು. ಅವೇ ಗೆರೆಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬಲದ ಪುಟ ಎಡಕ್ಕೆ, ಎಡದ ಪುಟ ಬಲಕ್ಕೆ ಬಂದಿತ್ತು, ಅಷ್ಟೆ. ಅಂಚುಗಳು ನಡುವಿಗೆ ಬಂದು ಬೆನ್ನುಗಳು ಕೂಡಿದ್ದವು. ತನ್ನ ದಾರ ಆ ಎರಡು ಬೆನ್ನುಗಳ ಮಧ್ಯೆಯೇ ಹಾದುಹೋಗಿತ್ತು.

"ಭಾನುವಾರಕ್ಕೆ ಎಷ್ಟು ಜನ ಬರ್ತಾರಮ್ಮ?" ಎಂದು ಕೇಳಿದಳು.

"ಇಪ್ಪತ್ತೆರಡು ಕಾಲೇಜು ಮಕ್ಕಳು ಹೆಸರು ಕೊಟ್ಟಿದಾರೆ. ಎಲ್ಲರೂ ಹೊಸ ಪ್ರತಿ ಓದಿದೋರೇ," ಎಂದಳು ಲೈಬ್ರೇರಿಯನ್ ಹುಡುಗಿ ಖುಷಿಯಿಂದ.

ಗೋಂದಕ್ಕನಿಗೆ ಆ ಭಾನುವಾರ ಕಣ್ಣಿಗೆ ಕಟ್ಟಿತು. ಮೇಷ್ಟ್ರು ಎದ್ದು ನಿಂತು 'ಬೆನ್ನಿಗೆ ಬೆನ್ನು' ಎನ್ನುತ್ತಾರೆ. ಇಪ್ಪತ್ತೆರಡು ಮಕ್ಕಳು ತಮ್ಮ ಪುಸ್ತಕ ತೆರೆದು ನೋಡಿ ಮುಖ ಮುಖ ನೋಡಿಕೊಳ್ಳುತ್ತಾರೆ. ಕಣ್ಣು ಹೋದ ಮುದುಕ ಏನೋ ಬಡಬಡಿಸುತ್ತಾನೆ ಎಂದುಕೊಳ್ಳುತ್ತಾರೆ. ಹೇಳಿದರೆ ಮೇಷ್ಟ್ರ ಮೂವತ್ತು ವರ್ಷದ ಮಾತು ಹೋಯಿತು, ಬಹುಶಃ ಅವರ ಸ್ನೇಹವೂ. ಹೇಳದಿದ್ದರೆ ಅವರ ಮರ್ಯಾದೆ ಹೋಯಿತು.

ಎರಡು ದಿನ ಆಕೆ ಅನ್ನ ಕಲಸಿಕೊಂಡು ಕೂತದ್ದೇ ಬಂತು, ಉಂಡದ್ದಿಲ್ಲ. ಶುಕ್ರವಾರ ಟೈಲರಮ್ಮನ ಅಂಗಡಿಗೆ ಹೋಗಿ ಎಲ್ಲ ಹೇಳಿಕೊಂಡಳು.

ಟೈಲರಮ್ಮ ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. "ಹಾಗಾದ್ರೆ ಅವರಿಬ್ರು ಬೆನ್ನು ತಿರುಗಿಸಿ ನಿಂತೇ ಇರಲಿಲ್ವಾ?"

"ಇಲ್ಲ ಕಣೆ."

ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು. ಏನೋ ಲೆಕ್ಕ ಹಾಕುತ್ತಿದ್ದವಳಂತೆ ಕಂಡಳು. ಆಮೇಲೆ ಹೇಳಿದಳು: "ಅಕ್ಕಾ, ಹೊಲಿಗೆ ತಪ್ಪಿದ್ರೆ ಗಿರಾಕಿ ಹಾಕ್ಕೊಳ್ಳೋಕೆ ಮುಂಚೆ ಹೇಳ್ಬೇಕು. ಹಾಕ್ಕೊಂಡು ನಾಲ್ಕು ಜನರ ಮಧ್ಯೆ ನಿಂತಾಗ ಅಲ್ಲ. ಈಗಲೇ ಹೋಗಿ."

ಮೇಷ್ಟ್ರು ಎರಡನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಹಜಾರದ ಗೋಡೆಯಲ್ಲಿ ಅವರೇ ಇಂಡಿಯನ್ ಇಂಕಿನಲ್ಲಿ ನಕಲು ಮಾಡಿ ಚೌಕಟ್ಟು ಹಾಕಿಸಿದ ಆ ಜೋಡಿ ಪುಟ. ಗೋಂದಕ್ಕ ಬೇಕೆಂದೇ ಅದಕ್ಕೆ ಬೆನ್ನು ಹಾಕಿ ಕೂತಳು.

"ಚಹಾ ನಾನೇ ಮಾಡ್ತೀನಿ, ನೀವು ಏಳಬೇಡಿ," ಎಂದು ಮೇಷ್ಟ್ರು ಕಪ್ಪಿನ ಒಳ ಅಂಚಿಗೆ ಬೆರಳಿಟ್ಟು ಸುರಿಯತೊಡಗಿದರು. ಬಿಸಿ ತಾಗಿದರೆ ನಿಲ್ಲಿಸುವುದು ಅವರ ಹೊಸ ಉಪಾಯ.

"ಮೇಷ್ಟ್ರೇ, ಹನ್ನೆರಡನೇ ಪುಸ್ತಕ ಕಟ್ಟಿದ್ದು ನಾನು."

"ಈ ಊರಲ್ಲಿ ನಿಮ್ಮ ಕೈ ಸೋಕದ ಪುಸ್ತಕ ಯಾವುದಿದೆ ಹೇಳಿ?"

"ಅದನ್ನ ಎಡಕ್ಕೆ ಕಟ್ಟಿದೆ. ಬಲಕ್ಕೆ ಕಟ್ಟಬೇಕಿತ್ತು. ಹೊಸ ಪ್ರತಿ ನೋಡಿದೆ. ಅವರು ಬೆನ್ನಿಗೆ ಬೆನ್ನು ಕೊಟ್ಟಿಲ್ಲ. ಆ ದಡ ಈ ದಡ ನಿಂತು ಒಬ್ಬರನ್ನೊಬ್ಬರು ನೋಡ್ತಿದಾರೆ."

ಚಹಾ ಬೆರಳು ದಾಟಿ ತಟ್ಟೆಗಿಳಿಯಿತು. ಮೇಷ್ಟ್ರಿಗೆ ಬಿಸಿ ಗೊತ್ತಾದ ಹಾಗೆ ಕಾಣಲಿಲ್ಲ. ಗೋಂದಕ್ಕ ಎದ್ದು ಪಾತ್ರೆಯನ್ನು ಅವರ ಕೈಯಿಂದ ತೆಗೆದಿಟ್ಟಳು.

"ಎಷ್ಟು ಮಕ್ಕಳಿಗೆ ಪಾಠ ಮಾಡಿದೀನಿ ಅದನ್ನ," ಎಂದರು ಕೊನೆಗೆ. "ಅದರಲ್ಲೇ ದೋಣಿ ಎರಡು ತುಂಡಾದ ಪುಟ ಇದೆಯಲ್ಲ, ಪ್ರವಾಹದ್ದು? 'ಮುರಿದದ್ದು ದೋಣಿಯಲ್ಲ, ಮನಸ್ಸು' ಅಂತ..."

"ಅದೂ ತುಂಡಾಗಿಲ್ಲ ಮೇಷ್ಟ್ರೇ. ಇಡೀ ದೋಣಿ."

"ಅದೂ ಹೋಯ್ತಾ!" ಮೇಷ್ಟ್ರು ಕುರ್ಚಿ ತಡಕಿ ಕೂತರು. "ಆವತ್ತು ನಿಮಗೆ ಅನುಮಾನ ಬರಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.

"ಬಂತು," ಎಂದಳು ಗೋಂದಕ್ಕ. "ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ. ಬಾಯಿ ಬರಲಿಲ್ಲ. ಹೊಸದನ್ನ ತಂದಿದೀನಿ, ಒಂದು ಸಲ ನೋಡಿ."

"ಅಂಗೈಯಗಲದ ಪುಸ್ತಕ! ನನ್ನ ಕಣ್ಣಿಗೆ ಅದು ಪೂರ್ತಿ ಮಸಿಯೊಳಗೇ ಹೋಗುತ್ತೆ." ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. "ಭಾನುವಾರ ನಾನು ಬರಲ್ಲ ಅಂತ ಆ ಹುಡುಗಿಗೆ ಹೇಳ್ಬಿಡಿ."

ಗೋಂದಕ್ಕ ಚೀಲ ಎತ್ತಿಕೊಂಡು ಹೊರಬಂದಳು. ಎರಡು ಮೆಟ್ಟಿಲು ಇಳಿದಿದ್ದಳೋ ಇಲ್ಲವೋ, ಒಳಗಿನಿಂದ ಅದೇ ಸಿಟ್ಟಿನ ದನಿ ಬಂತು: "ಐದನೇ ಮೆಟ್ಟಿಲು ಮುರಿದಿದೆ. ನೋಡ್ಕೊಂಡು ಇಳೀರಿ."

ಆ ಮಾತೊಂದನ್ನು ಹಿಡಿದುಕೊಂಡೇ ಆಕೆ ಮನೆ ಸೇರಿದಳು. ಲೈಬ್ರೇರಿಯನ್ ಹುಡುಗಿಗೆ ಏನೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕುರ್ಚಿಗಳು ತುಂಬಿದವು. ಹತ್ತೂಕಾಲಾದರೂ ಮೇಷ್ಟ್ರಿಲ್ಲ. ಹುಡುಗಿ ಗಡಿಯಾರ ನೋಡುವುದು, ಬಾಗಿಲು ನೋಡುವುದು. ಗೋಂದಕ್ಕ ನೀಲಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಹತ್ತೂವರೆಗೆ ಕೋಲಿನ ಸದ್ದು ಕೇಳಿತು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಗುಂಡಿ ಒಂದು ಮನೆ ತಪ್ಪಿಸಿ ಹಾಕಿಕೊಂಡು, ಒಬ್ಬರೇ ಬಂದಿದ್ದರು. ಟೈಲರಮ್ಮ ಮುಂದೆ ಹೋಗಿ ಕಾಲರ್ ಸರಿಮಾಡುವವಳಂತೆ ನಟಿಸಿ ಗುಂಡಿಗಳನ್ನೂ ಸರಿಮಾಡಿದಳು.

"ಮಕ್ಕಳೇ," ಎಂದು ಮೇಷ್ಟ್ರು ಪೀಠಿಕೆಯಿಲ್ಲದೆ ಶುರುಮಾಡಿದರು, "ಮೂವತ್ತು ವರ್ಷದಿಂದ ಈ ಊರಿಗೆ ನಾನೊಂದು ತಪ್ಪು ಹೇಳ್ಕೊಂಡು ಬಂದಿದೀನಿ. ನಮ್ಮ ಹಳೇ ಪ್ರತಿ ಉಲ್ಟಾ ಹೊಲಿದದ್ದು. ಆದರೆ ತಪ್ಪು ಹೊಲಿಗೆಯದಲ್ಲ. ದಾರ ಪೋಣಿಸೋರ ಕೆಲಸ ಪುಸ್ತಕ ಗಟ್ಟಿಯಾಗಿ ಇರಿಸೋದು. ನೋಡೋದು ನನ್ನ ಕೆಲಸ. ನದಿಯ ಅಲೆ ಪುಟದ ಅಂಚಿಗೆ ಬಂದು ಕತ್ತರಿಸಿದ ಹಾಗೆ ನಿಲ್ಲುತ್ತೆ. ನನಗೆ ಆಗ ಎರಡೂ ಕಣ್ಣು ಸರಿಯಾಗಿದ್ವು. ಆಗಲೂ ಕಾಣಲಿಲ್ಲ. ಯಾಕೆ? ನನ್ನ ವ್ಯಾಖ್ಯಾನದ ಮೇಲೆ ನನಗೆ ಅಷ್ಟು ಪ್ರೀತಿ."

ಹೆಸರು ಹೇಳಲಿಲ್ಲ. ಗೋಂದಕ್ಕನಿಗೆ ಅದೇ ತಡೆಯಲಾಗಲಿಲ್ಲ. ಎದ್ದು ನಿಂತಳು. "ಹೊಲಿದವಳು ನಾನು," ಎಂದಳು. "ಅನುಮಾನ ಬಂದಾಗಲೂ ಸುಮ್ಮನಿದ್ದೆ."

"ನೋಡಿ," ಎಂದರು ಮೇಷ್ಟ್ರು ದನಿ ಬಂದ ಕಡೆಗೆ ಕೋಲು ತೋರಿಸಿ, "ನನ್ನ ವಿಮರ್ಶೆಯಲ್ಲಿ ಅರ್ಧ ನನ್ನದು, ಅರ್ಧ ಗೋಂದಿನದು."

ಮಕ್ಕಳು ಗೊಳ್ಳೆಂದು ನಕ್ಕರು. ಗೋಂದಕ್ಕ ಕೂರಲು ಹೋದಳು, ಮೇಷ್ಟ್ರು ಬಿಡಲಿಲ್ಲ. "ಕೂರಬೇಡಿ. ನನಗೆ ಕಾಣಲ್ಲ. ಆ ಸರಿಯಾದ ಪುಟ ನೀವೇ ಹೇಳಿ. ಅರ್ಥ ಬೇಡ, ಇರೋದನ್ನ ಹೇಳಿ."

ಆಕೆ ಹೊಸ ಪ್ರತಿ ತೆರೆದು, ಕನ್ನಡಕ ಮೇಲೇರಿಸಿ, ಬಲದಿಂದ ಶುರುಮಾಡಿದಳು. "ತಾಯಿ ಪಾದ ಮುಳುಗೋಷ್ಟು ನೀರಲ್ಲಿ ನಿಂತಿದಾಳೆ. ಸೆರಗಿಲ್ಲ, ಅವರ ಕಡೆಯ ಬಟ್ಟೆ, ಮೊಣಕಾಲಿಗೆ ಎತ್ತಿ ಕಟ್ಟಿದಾಳೆ. ಹುಟ್ಟು ಕೈಯಲ್ಲಿಲ್ಲ, ನೆಲದ ಮೇಲಿದೆ. ಹಿಂದೆ ಸೇತುವೆಯ ಒಂದು ಕಂಬ. ಅದರ ಮೇಲೆ ಹಕ್ಕಿ ಕೂತಿದೆ."

"ಹಕ್ಕಿ? ಹಳೇದರಲ್ಲಿ ಹಕ್ಕಿ ಎಲ್ಲಿತ್ತು?"

"ಇತ್ತು ಮೇಷ್ಟ್ರೇ. ನನ್ನ ಹೊಲಿಗೆಯೊಳಗೆ ಹೋಗಿತ್ತು."

"ಹುಟ್ಟು ನೆಲದ ಮೇಲೆ," ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. "ಹನ್ನೊಂದು ಪುಸ್ತಕದಲ್ಲಿ ಒಂದು ಸಲವೂ ಕೆಳಗಿಟ್ಟವಳಲ್ಲ." ಅಲ್ಲಿಂದ ಅವರ ಮಾತು ಹರಿಯಿತು. ತಾಯಿಯ ಸಿಟ್ಟನ್ನು ಕೈಯಲ್ಲೇ ಬರೆದ ಚಿತ್ರಗಾರ್ತಿ ಕ್ಷಮೆಯನ್ನೂ ಕೈಯಲ್ಲೇ ಬರೆದಳಲ್ಲ ಎಂದರು. ಕೆಲಸ ಕಳೆದುಕೊಂಡವಳ ಖಾಲಿ ಕೈ ಮೊದಲ ಸಲ ಮಗಳಿಗಾಗಿ ಎದ್ದಿತು ಎಂದರು. ಗುರುವಾರದ ಸಂಜೆಗಳ ದನಿ ಅದು. ಗೋಂದಕ್ಕ ಕಣ್ಣು ಮುಚ್ಚಿ ಕೇಳಿದಳು. ಎಲ್ಲೋ ಒಂದು ಕಡೆ ಪೋಸ್ಟ್‌ಮ್ಯಾನ್ ಅಣ್ಣ ಉಸಿರು ಬಿಟ್ಟಂತಾಯಿತು.

ಕೊನೆಗೆ ಟೈಲರಮ್ಮ ಎದ್ದಳು. "ಏನಾದ್ರೂ ಹೇಳಿ, ನನಗೆ ಆ ಹಳೇ ಪುಟಾನೇ ಇಷ್ಟ. ನಾನೂ ನನ್ನ ತಂಗೀನೂ ಚಿಕ್ಕವರಿದ್ದಾಗ ಒಂದೇ ಮಂಚದಲ್ಲಿ ಹಾಗೇ ಬೆನ್ನಿಗೆ ಬೆನ್ನು ಹಾಕಿ ಮಲಗ್ತಿದ್ವಿ. ಆಮೇಲೆ ಎಂಟು ವರ್ಷ ಮಾತು ಬಿಟ್ಟಿದ್ವಿ. ಮೇಷ್ಟ್ರು ಆ ಪುಟದ ಬಗ್ಗೆ ಹೇಳಿದ ವಾರವೇ ಹೋಗಿ ಅವಳ ಬಾಗಿಲು ತಟ್ಟಿದೆ. ತಪ್ಪು ಪುಟಾನೋ ಸರಿ ಪುಟಾನೋ, ಅವಳಂತೂ ಬಾಗಿಲು ತೆಗೆದಳು."

ಮೇಷ್ಟ್ರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು.

ಹಳೆಯ ಪುಸ್ತಕ ಬಿಚ್ಚಿ ಸರಿಯಾಗಿ ಕಟ್ಟುವುದೆಂದು ತೀರ್ಮಾನವಾಯಿತು. ಅದಕ್ಕೆ ಮುಂಚೆ ಹದಿನೈದು ದಿನ ತನಗೆ ಕೊಡಬೇಕೆಂದು ಟೈಲರಮ್ಮ ಕೇಳಿ, ರುಜು ಹಾಕಿ ತೆಗೆದುಕೊಂಡು ಹೋಗಿ, ತಂಗಿಗೂ ತೋರಿಸಿ, ಒಂದು ದಿನ ತಡವಾಗಿ ತಂದುಕೊಟ್ಟಳು. ಲೈಬ್ರೇರಿಯನ್ ಹುಡುಗಿ ತಾರೀಖು ನೋಡಿದವಳು ನೋಡದವಳಂತೆ ಮುದ್ರೆ ಒತ್ತಿದಳು.

ಮುಂದಿನ ಶುಕ್ರವಾರ ಮೇಷ್ಟ್ರು ಬೈಂಡಿಂಗ್ ಕೋಣೆಗೆ ಬಂದು ಕೂತರು. ಗೋಂದಕ್ಕ ದಿಂಬನ್ನು ಅವರ ಕುರ್ಚಿಗೆ ಹಾಕಿದಳು. ಮೂವತ್ತು ವರ್ಷದ ದಾರವನ್ನು ಬ್ಲೇಡಿನಿಂದ ಕತ್ತರಿಸಿದಾಗ ಅದು ಇನ್ನೂ ಗಟ್ಟಿಯಾಗಿತ್ತು. ಎಷ್ಟು ತಪ್ಪಾಗಿ ಕಟ್ಟಿದ್ದಳೋ ಅಷ್ಟೇ ಚೆನ್ನಾಗಿ ಕಟ್ಟಿದ್ದಳು. ಹರಿದ ಮೂಲೆಗೆ ತೆಳುಗಾಗದದ ತೇಪೆ ಹಾಕಿ, ಹಾಳೆಗಳನ್ನು ತಟ್ಟಿ ಸಮಮಾಡಿ, ಈ ಸಲ ಬಲಗಡೆಗೆ ತೂತು ಹೊಡೆದು ಹೊಲಿದಳು. ನೀಲಿ ಬಟ್ಟೆಯೇ ಮತ್ತೆ.

"ಹಳೇ ತೂತುಗಳು ಹಾಗೇ ಉಳೀತಾವೆ ಮೇಷ್ಟ್ರೇ. ಹೊರಗಿನ ಅಂಚಿಗೆ ಬಂದಿವೆ. ಐದು."

"ಇರಲಿ, ಮುಚ್ಚಬೇಡಿ." ಅವರು ಬೆರಳಾಡಿಸಿ ಒಂದೊಂದನ್ನೂ ಮುಟ್ಟಿದರು. ಆಮೇಲೆ ಕೊನೆಯ ಜೋಡಿ ಪುಟ ತೆರೆದು, ಅಭ್ಯಾಸದಂತೆ ನೆಟ್ಟಗೆ ನಡುವೆ ನೋಡಿದರು. ಅಲ್ಲಿ ಅವರಿಗೆ ಮಸಿ. ಆ ಮಸಿ ಇದ್ದದ್ದು ಬರೀ ನೀರಿನ ಮೇಲೆ.

ಪುಸ್ತಕವನ್ನು ಮುಖದ ಹತ್ತಿರಕ್ಕೆ ಎತ್ತಿಕೊಂಡರು.

"ಗೋಂದಕ್ಕಾ."

"ಏನು ಮೇಷ್ಟ್ರೇ?"

"ಅಂಚಿಗೆ ನಿಂತಿದಾರಲ್ವಾ. ಇಬ್ರೂ ಕಾಣ್ತಿದಾರೆ."

ಗೋಂದಕ್ಕ ಅಂಟಿನ ಕಡ್ಡಿ ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದಳು. "ಹಕ್ಕಿ?"

"ಸ್ವಲ್ಪ ಇರಿ." ಮೇಷ್ಟ್ರು ಪುಸ್ತಕವನ್ನು ಇನ್ನಷ್ಟು ಅಗಲಿಸಿದರು.

"ಅಂಟು ಇನ್ನೂ ಹಸಿ, ಅಷ್ಟು ಅಗಲಿಸಬೇಡಿ ಅಂದ್ರೆ!"

ಮೇಷ್ಟ್ರು ಕೇಳಲಿಲ್ಲ. ಆಕೆಯೂ ಎರಡನೆಯ ಸಲ ಹೇಳಲಿಲ್ಲ.